ಬೂದು ಲೇಪನದ ಒಡೆಯರಿಗೆ ಒಂದು ಬಹಿರಂಗ ಬಿನ್ನಹ

ಗೆ,
ಮಾನ್ಯ ಆಡಳಿತ ಮಂಡಳಿಗಳು,
ಪ್ರೀಪೇಯ್ಡ್ ಗಿಫ್ಟ್ ಕಾರ್ಡುಗಳನ್ನು ಹೊರಡಿಸುವ ಸಮಸ್ತ ಸಂಸ್ಥೆಗಳು.

ವಿಷಯ: ಕಾರ್ಡಿನ ಬೂದು ಲೇಪನವನ್ನು ಕೆರೆಯುವಾಗ ಅದರಡಿಯ ರಹಸ್ಯ ಸಂಖ್ಯೆಯೂ ಅಳಿಸಿಹೋಗುವ ಕುರಿತು.

ಉಲ್ಲೇಖ: ಕಾರ್ಡಿನ ಹಿಂಬದಿಯಲ್ಲಿ ಮುದ್ರಿತವಾಗಿರುವ ಷರತ್ತುಗಳು, ಭೂತಗನ್ನಡಿಗೆ ನಿಲುಕಿದಷ್ಟು ಮಟ್ಟಿಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮಾನ್ಯ ಮಂಡಳಿಗಳ ಅವಗಾಹನೆಗೆ ತರುವುದೇನೆಂದರೆ, ನಾಡಿನ ಗ್ರಾಹಕರಲ್ಲಿ ಕೆಲವರು, ಉಡುಗೊರೆಯಾಗಿ ಬಂದ ಕಾರ್ಡನ್ನು ಬೀರುವಿನಲ್ಲಿ ಭದ್ರವಾಗಿಟ್ಟು ಅದರ ಅವಧಿ ಮುಗಿಯುವವರೆಗೆ ಕಾಯುವ ಸತ್ಸಂಪ್ರದಾಯವನ್ನು ಮೀರಿ, ಅದನ್ನು ನಿಜವಾಗಿಯೂ ಬಳಸಿ ಏನನ್ನಾದರೂ ಕೊಳ್ಳುವ ಸಾಹಸಕ್ಕೆ ಕೈಹಾಕುತ್ತಿದ್ದಾರೆ. ಇಂಥ ಸಾಹಸಕ್ಕೆ ತಕ್ಕ ಶಾಸ್ತಿಯನ್ನು ಮಂಡಳಿಗಳು ಮೊದಲೇ ಯೋಚಿಸಿ ಕಾರ್ಡಿನ ಬೆನ್ನಿಗೇ ಅಂಟಿಸಿಟ್ಟಿರುವುದು ದೂರದೃಷ್ಟಿಯ ಕೆಲಸವಾಗಿದ್ದು, ಆ ಶಾಸ್ತಿಯ ಸ್ವರೂಪ, ರಸಾಯನ, ಇತಿಹಾಸ ಮತ್ತು ಲೆಕ್ಕಾಚಾರಗಳನ್ನು ವಿವರಿಸಿ, ಕೊನೆಯಲ್ಲಿ ಕೆಲವು ಪ್ರಾರ್ಥನೆಗಳನ್ನು ಸಲ್ಲಿಸುವುದು ಈ ಪತ್ರದ ಉದ್ದೇಶವಾಗಿದೆ.

ಗಿಫ್ಟ್ ಕಾರ್ಡ್ ಎಂದರೆ ಒಬ್ಬರು ಮುಂಗಡವಾಗಿ ಹಣ ಕಟ್ಟಿ, ಇನ್ನೊಬ್ಬರು ಮುಂದೆಂದೋ ಅದರಿಂದ ಸರಕು ಕೊಳ್ಳಲೆಂದು ಕೊಡುವ ಪ್ಲಾಸ್ಟಿಕ್ಕಿನ ತುಂಡು. ಅದರ ಅಳತೆ ಸಾಮಾನ್ಯವಾಗಿ ಬ್ಯಾಂಕಿನ ಕಾರ್ಡಿನದೇ, ಅಂದರೆ 85.60 ಮಿ.ಮೀ. ಉದ್ದ ಮತ್ತು 53.98 ಮಿ.ಮೀ. ಅಗಲ. ಮದುವೆಯಲ್ಲಿ ಮುಯ್ಯಿಯ ಲಕೋಟೆಗೆ ಬದಲಾಗಿ, ದೀಪಾವಳಿಯಲ್ಲಿ ಸಿಹಿಯ ಪೊಟ್ಟಣಕ್ಕೆ ಬದಲಾಗಿ, ಕಚೇರಿಯಲ್ಲಿ ಬಡ್ತಿಗೆ ಬದಲಾಗಿ ಅದು ಕೈಯಿಂದ ಕೈಗೆ ದಾಟುತ್ತದೆ. ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟ್ ತಿಂಗಳಲ್ಲಿ ಹೊರಡಿಸಿದ ನಿರ್ದೇಶನಗಳು ಇಂಥವನ್ನು ಪ್ರೀಪೇಯ್ಡ್ ಪಾವತಿ ಸಾಧನಗಳೆಂದು ಕರೆದು, ಹಲವು ಕಡೆ ನಡೆಯುವ ಗಿಫ್ಟ್ ಕಾರ್ಡಿನ ಮೌಲ್ಯ ₹10,000 ಮೀರಬಾರದು, ಅದಕ್ಕೆ ಮತ್ತೆ ಹಣ ತುಂಬುವಂತಿಲ್ಲ, ಅದರಿಂದ ನಗದು ತೆಗೆಯುವಂತಿಲ್ಲ ಎಂಬ ಕಟ್ಟುಪಾಡುಗಳನ್ನು ವಿಧಿಸಿದವು. ಒಂದೇ ಸಂಸ್ಥೆಯ ಮಳಿಗೆಗಳಲ್ಲಿ ಮಾತ್ರ ನಡೆಯುವ ಕಾರ್ಡುಗಳಿಗೆ ಮುಚ್ಚಿದ ವ್ಯವಸ್ಥೆಯ ಸಾಧನಗಳೆಂದು ಹೆಸರು. ಅವನ್ನು ಹೊರಡಿಸಲು ರಿಸರ್ವ್ ಬ್ಯಾಂಕಿನ ಅನುಮತಿಯೇ ಬೇಕಿಲ್ಲ. ಹೀಗೆ ಒಳಗೆ ಹೋಗಲು ನೂರು ದಾರಿಯಿದ್ದು ಹೊರಗೆ ಬರಲು ಒಂದೇ ದಾರಿಯಿರುವ ಈ ಹಣದ ಬಾಗಿಲಿಗೆ, ಹೆಬ್ಬೆರಳಿನ ಅಗಲವೂ ಇಲ್ಲದ ಒಂದು ಬೂದು ಪಟ್ಟಿಯನ್ನು ಕಾವಲಿಗೆ ನಿಲ್ಲಿಸಲಾಗಿದೆ.

ಈ ಪಟ್ಟಿಯ ರಚನೆಯನ್ನು ಅರಿಯದವರು ಅದನ್ನು ಬರಿಯ ಬಣ್ಣವೆಂದು ಹಗುರವಾಗಿ ಕಾಣುವುದುಂಟು. ಮೊದಲು ಪ್ಲಾಸ್ಟಿಕ್ಕಿನ ಮೇಲೆ ರಹಸ್ಯ ಸಂಖ್ಯೆಯನ್ನು ಮುದ್ರಿಸಲಾಗುತ್ತದೆ. ಅದರ ಮೇಲೆ ಪಾರದರ್ಶಕ ವಾರ್ನಿಷಿನ ಒಂದು ಪದರ ಬರುತ್ತದೆ. ಅದರ ಮೇಲೆ ಲ್ಯಾಟೆಕ್ಸ್ ಎಂಬ ರಬ್ಬರಿನ ಜಾತಿಯ ದ್ರವ್ಯಕ್ಕೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಶಾಯಿಯನ್ನು ಬಳಿಯಲಾಗುತ್ತದೆ. ಅಲ್ಯೂಮಿನಿಯಂ ಬೆಳಕನ್ನು ತಡೆಯುವುದರಿಂದ ಕಾರ್ಡನ್ನು ದೀಪಕ್ಕೆ ಹಿಡಿದರೂ ಸಂಖ್ಯೆ ಕಾಣದು. ಶಾಯಿಯು ಕೆಳಗಿನ ಮುದ್ರಣವನ್ನು ಕಚ್ಚಿಕೊಳ್ಳದಂತೆ ವಾರ್ನಿಷು ನೋಡಿಕೊಳ್ಳುವುದರಿಂದ ನಾಣ್ಯದ ಅಂಚು ತಾಗಿದೊಡನೆ ಶಾಯಿ ಮಾತ್ರ ಉದುರುತ್ತದೆ. ಕೆಲವು ಕಾರ್ಡುಗಳಲ್ಲಿ ಶಾಯಿಗೆ ಬದಲಾಗಿ ಸಿದ್ಧ ಸ್ಟಿಕ್ಕರನ್ನು ಅಂಟಿಸಿರುತ್ತಾರೆ. ಒಟ್ಟಾರೆ ಈ ವಿದ್ಯೆಯ ಕೀಲು ನಡುವಿನ ಪದರದಲ್ಲಿದ್ದು, ಅದು ತೆಳುವಾಗಿದ್ದರೆ ಅಥವಾ ಅಲ್ಲಲ್ಲಿ ಬಿಟ್ಟುಹೋಗಿದ್ದರೆ ಶಾಯಿಯು ಹೋಗುವಾಗ ಅಂಕಿಗಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಗ್ರಾಹಕನ ಕೈಯ ಒರಟುತನದ ಬಗ್ಗೆ ಷರತ್ತುಗಳಲ್ಲಿ ಎಚ್ಚರಿಕೆಯಿದೆ. ವಾರ್ನಿಷಿನ ತೆಳುತನದ ಬಗ್ಗೆ ಒಂದು ಅಕ್ಷರವೂ ಇಲ್ಲ.

ಲೇಪನಕ್ಕೆ ಕಾರಣವೇ ಇಲ್ಲವೆಂದು ವಾದಿಸುವುದು ಅನ್ಯಾಯವಾದೀತು. ಮಳಿಗೆಯ ಗೂಟಕ್ಕೆ ನೇತುಹಾಕಿದ ಕಾರ್ಡುಗಳ ಸಂಖ್ಯೆಯನ್ನು ಗುಟ್ಟಾಗಿ ಬರೆದುಕೊಂಡು ಹೋಗಿ, ಗಲ್ಲಾದಲ್ಲಿ ಹಣ ಕಟ್ಟಿ ಯಾರೋ ಅದನ್ನು ಚಾಲ್ತಿಗೊಳಿಸಿದ ಕೂಡಲೇ ಮೊತ್ತವನ್ನು ಎತ್ತಿಬಿಡುವ ವಂಚಕರಿದ್ದಾರೆ. ಆದ್ದರಿಂದ ಪಟ್ಟಿ ಬೇಕು. ಅದು ಕಳ್ಳನಿಗೆ ಕಷ್ಟವಾಗಿ ಒಡೆಯನಿಗೆ ಸುಲಭವಾಗಿ ಇರಬೇಕು. ಆದರೆ ನುರಿತ ಕಳ್ಳನು ಪಟ್ಟಿಯನ್ನು ನಾಜೂಕಾಗಿ ತೆಗೆದು, ಸಂಖ್ಯೆ ಬರೆದುಕೊಂಡು, ಹೊಸ ಸ್ಟಿಕ್ಕರನ್ನು ಅಂಟಿಸಿ ಹೋಗುತ್ತಾನೆ. ಅಂಕಿಗೆ ಗೀರು ಬೀಳುವುದು ಒಡೆಯನು ಕೆರೆದಾಗ ಮಾತ್ರ. ಕಾವಲುಗಾರನು ಕಳ್ಳನಿಗೆ ಸಲಾಮು ಹೊಡೆದು ಮನೆಯ ಯಜಮಾನನ ಕೊರಳಪಟ್ಟಿ ಹಿಡಿಯುವ ಈ ಶಿಸ್ತನ್ನು ಮೆಚ್ಚಲೇಬೇಕಾಗಿದೆ.

ಕೆರೆದು ನೋಡುವ ಸುಖವನ್ನು ಲೋಕಕ್ಕೆ ಧಾರಾಳವಾಗಿ ಉಣಬಡಿಸಿದ್ದು ಲಾಟರಿ. 1974ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಾಟರಿಯು ಸ್ಥಳದಲ್ಲೇ ಫಲ ತಿಳಿಯುವ ಟಿಕೆಟನ್ನು ಮಾರಾಟಕ್ಕೆ ತಂದಿತು. ಕನ್ನಡಿಗರು ಈ ವಿದ್ಯೆಯಲ್ಲಿ ಪಳಗಿದ್ದು ಮುಖ್ಯವಾಗಿ ಮೊಬೈಲಿಗೆ ಕರೆನ್ಸಿ ಹಾಕಿಸುವ ಕಾಲದಲ್ಲಿ. ಬೀಡಾ ಅಂಗಡಿಯ ಮುಂದೆ ಶಾಂಪೂ ಪೊಟ್ಟಣಗಳ ಪಕ್ಕ ತೂಗಾಡುತ್ತಿದ್ದ ರೀಚಾರ್ಜ್ ಕೂಪನ್ನುಗಳ ಮೇಲೆ ಯಾವ ಬಣ್ಣದ ಪಟ್ಟೆ ಇರಬೇಕೆಂಬುದನ್ನೂ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2012ರ ಗ್ರಾಹಕ ಸಂರಕ್ಷಣಾ ನಿಯಮಗಳಲ್ಲಿ ನಿಗದಿಪಡಿಸಿ, ಪ್ಲಾನ್ ವೋಚರಿಗೆ ಕೆಂಪು, ಟಾಪ್ ಅಪ್‌ಗೆ ಹಸಿರು, ವಿಶೇಷ ದರದ ವೋಚರಿಗೆ ಹಳದಿ ಎಂದು ಗೊತ್ತುಮಾಡಿತ್ತು. ಉಗುರು ಚುರುಕಾಗಿದ್ದವರ ಕೂಪನ್ನಿನಲ್ಲಿ ಒಂದೆರಡು ಅಂಕಿ ಅಳಿಸಿಹೋಗುವುದು ಆಗಲೂ ಇತ್ತು. ಕೂಪನ್ನಿನ ಕ್ರಮಸಂಖ್ಯೆಯನ್ನು ಹಿಡಿದು ಕಸ್ಟಮರ್ ಕೇರ್‌ನವರೊಂದಿಗೆ ವಾದಿಸುವುದು ಆ ಕಾಲದ ಒಂದು ಸಾರ್ವಜನಿಕ ಕಲೆಯಾಗಿತ್ತು. ಲಾಟರಿಯ ಟಿಕೆಟು ಕೆರೆಯುವವನಿಗೆ ಹಣ ಬಂದರೂ ಬಂದೀತು, ಹೋದರೂ ಹೋದೀತು ಎಂಬುದು ತಿಳಿದಿರುತ್ತದೆ. 2007ರಲ್ಲಿ ಕರ್ನಾಟಕ ಸರ್ಕಾರವು ಲಾಟರಿಯನ್ನು ನಿಷೇಧಿಸಿದ ಮೇಲೆ ಆ ಎದೆಬಡಿತದಿಂದ ವಂಚಿತರಾದ ಪ್ರಜೆಗಳಿಗೆ, ಪೂರ್ತಿ ಹಣ ಕಟ್ಟಿಸಿಕೊಂಡ ಬಳಿಕವೂ ಅದೇ ಅನಿಶ್ಚಿತತೆಯನ್ನು ಕಾನೂನಿನ ಚೌಕಟ್ಟಿನೊಳಗೇ ಒದಗಿಸುತ್ತಿರುವ ಶ್ರೇಯಸ್ಸು ಮಂಡಳಿಗಳಿಗೆ ಸಲ್ಲುತ್ತದೆ.

ಹಾನಿಯು ಸಂಭವಿಸುವ ಕ್ರಮವನ್ನು ಹತ್ತಿರದಿಂದ ನೋಡುವುದು ಅಗತ್ಯ. ಎರಡು ರೂಪಾಯಿಯ ನಾಣ್ಯವನ್ನು ಓರೆಯಾಗಿ ಹಿಡಿದು ಎಡದಿಂದ ಬಲಕ್ಕೆ ಉಜ್ಜಿದಾಗ ಬೂದು ಪುಡಿಯು ಸಣ್ಣ ಸುರುಳಿಗಳಾಗಿ ಅಂಚಿಗೆ ಸರಿಯುತ್ತದೆ. ಮೊದಲ ನಾಲ್ಕು ಅಂಕಿಗಳು ನಿಚ್ಚಳವಾಗಿ ಮೂಡುತ್ತವೆ. ಐದನೆಯದರ ಮೇಲೆ ಲೇಪನವು ಗಟ್ಟಿಯಾಗಿ ಕೂತಿರುವುದರಿಂದ ಕೈ ತುಸು ಒತ್ತುತ್ತದೆ. ಒಡನೆಯೇ ಪುಡಿಯ ಬಣ್ಣ ಬೂದಿನಿಂದ ಕಪ್ಪಿಗೆ ತಿರುಗುತ್ತದೆ. ಆ ಕಪ್ಪು ಪುಡಿಯೇ ಐದನೆಯ ಅಂಕಿ. ಉಳಿದ ಅವಶೇಷಗಳಲ್ಲಿ ಎಡಭಾಗ ಸವೆದ 8 ಈಗ 3ರ ವೇಷದಲ್ಲಿದೆ, ತಲೆಯ ಅಡ್ಡಗೆರೆ ಕಳೆದುಕೊಂಡ 7 ಓರೆ ನಿಂತ 1 ಆಗಿದೆ, ಇನ್ನೊಂದು ಕಡೆ ಉಳಿದ ಒಂಟಿ ಬಾಗು 0, 6, 9 ಮೂರಕ್ಕೂ ಸಮನಾಗಿ ಸಲ್ಲುತ್ತದೆ.

ಇಂಥ ಪಾಠವನ್ನು ಓದುವ ವಿದ್ಯೆಗೆ ಕನ್ನಡದಲ್ಲಿ ದೊಡ್ಡ ಪರಂಪರೆಯಿದೆ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಿಗಾಗಿ ಊರೂರಿನ ಕಲ್ಲುಗಳನ್ನು ಓದಿಸಿದಾಗ ಮಳೆಗಾಳಿಗೆ ಸವೆದ ಅಕ್ಷರಗಳು ಎದುರಾಗದೆ ಇರಲಿಲ್ಲ. ಓಲೆಗರಿಯ ಪ್ರತಿಗಳನ್ನು ಸಂಪಾದಿಸುವ ವಿದ್ವಾಂಸರು ಹುಳು ತಿಂದು ಬಿಟ್ಟುಹೋದ ಭಾಗವನ್ನು ಗ್ರಂಥಪಾತವೆಂದು ಗುರುತಿಸಿ, ಛಂದಸ್ಸು, ಸಂದರ್ಭ ಮತ್ತು ಬೇರೆ ಪ್ರತಿಗಳ ಆಧಾರದಿಂದ ಅದನ್ನು ತುಂಬಿಕೊಳ್ಳುತ್ತಾರೆ. ಗಿಫ್ಟ್ ಕಾರ್ಡಿನ ಪಾಠಕ್ಕೆ ಛಂದಸ್ಸೂ ಇಲ್ಲ, ಸಂದರ್ಭವೂ ಇಲ್ಲ. ಬೇರೆ ಪ್ರತಿಯೊಂದು ಮಾತ್ರ ಇದೆ. ಅದು ಮಂಡಳಿಯ ಸರ್ವರಿನಲ್ಲಿ, ಗೂಢಲಿಪಿಯಲ್ಲಿದ್ದರೂ ಆಯಾ ಕಾರ್ಡಿನ ಕ್ರಮಸಂಖ್ಯೆಗೆ ಜೋಡಿಕೊಂಡು, ಹುಳುವಿಗೂ ನಾಣ್ಯಕ್ಕೂ ಸಿಗದೆ ಸುಖವಾಗಿದೆ. ಶಿಥಿಲ ಪ್ರತಿಯ ಒಡೆಯನು ಬಂದು ಕೇಳಿದಾಗ, ಸುಸ್ಥಿತಿಯ ಪ್ರತಿಯನ್ನು ಕೈಯಲ್ಲಿಟ್ಟುಕೊಂಡವನು ಮೊದಲು ಪೂರ್ಣ ಪಾಠವನ್ನು ಒಪ್ಪಿಸಿರೆಂದು ಕೇಳುವ ಸಂಪಾದನ ವಿಧಾನವನ್ನು ನಾಡಿನ ಯಾವ ವಿಶ್ವವಿದ್ಯಾಲಯವೂ ಈವರೆಗೆ ಬೋಧಿಸಿಲ್ಲವಾದ್ದರಿಂದ, ಆ ಕ್ಷೇತ್ರದಲ್ಲಿ ಇದನ್ನು ಮಂಡಳಿಗಳ ಮೂಲಭೂತ ಕೊಡುಗೆಯೆಂದೇ ಪರಿಗಣಿಸಬೇಕು.

ಗಣಿತದ ನೆರವು ಪಡೆಯಬಾರದೇ ಎಂದು ಕೇಳುವವರಿದ್ದಾರೆ. ಐಬಿಎಂ ಸಂಸ್ಥೆಯ ಹ್ಯಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1960ರಲ್ಲಿ ಪಡೆದ ಒಂದು ಸರಳ ತಾಳೆಯ ಪದ್ಧತಿಯು ಇಂದಿಗೂ ಬ್ಯಾಂಕ್ ಕಾರ್ಡುಗಳ ಸಂಖ್ಯೆಯಲ್ಲಿ ನಡೆದುಕೊಂಡು ಬಂದಿದೆ. ಬಲದಿಂದ ಎಣಿಸಿ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿಗೊಳಿಸಿ, ಎರಡಂಕಿ ಬಂದರೆ ಅವನ್ನು ಕೂಡಿ, ಎಲ್ಲದರ ಮೊತ್ತವು ಹತ್ತರಿಂದ ನಿಶ್ಶೇಷವಾಗಿ ಭಾಗವಾಗುವಂತೆ ಕೊನೆಯ ಅಂಕಿಯನ್ನು ಇಡುವುದೇ ಆ ಪದ್ಧತಿ. ಅದರ ಫಲವಾಗಿ ಕಾರ್ಡಿನ ಮುಖದ ಮೇಲಿನ ಸಂಖ್ಯೆಯಲ್ಲಿ ಯಾವುದೇ ಒಂದು ಅಂಕಿ ಅಳಿಸಿಹೋದರೂ ಅದನ್ನು ಕಾಗದ ಪೆನ್ಸಿಲಿನಿಂದ ಕಂಡುಹಿಡಿಯಬಹುದು. ಆದರೆ ಮುಖದ ಮೇಲಿನ ಸಂಖ್ಯೆ ಎಲ್ಲರಿಗೂ ಕಾಣುವಂಥದ್ದಾದ್ದರಿಂದ ಅದು ಅಳಿಸುವುದಿಲ್ಲ. ಅಳಿಸುವುದು ಬೆನ್ನಿನ ರಹಸ್ಯ ಸಂಖ್ಯೆ, ಅದು ಯಾವ ಸೂತ್ರಕ್ಕೂ ಸಿಗಬಾರದೆಂದೇ ಯಾದೃಚ್ಛಿಕವಾಗಿ, ಅಂದರೆ ಗೊತ್ತುಗುರಿಯಿಲ್ಲದ ಕ್ರಮದಲ್ಲಿ ಹುಟ್ಟಿಸಿದ್ದು. ಒಂದು ಅಂಕಿ ಹೋದರೆ ಹತ್ತು ಸಾಧ್ಯತೆ, ಎರಡು ಹೋದರೆ ನೂರು, ಮೂರು ಹೋದರೆ ಸಾವಿರ. ಒಂದೊಂದನ್ನೇ ಹಾಕಿ ನೋಡಲು ಹೊರಟವನನ್ನು ಕೆಲವೇ ಯತ್ನಗಳಲ್ಲಿ ವಂಚಕನೆಂದು ಶಂಕಿಸಿ ಕಾರ್ಡನ್ನು ತಡೆಹಿಡಿಯುವ ಏರ್ಪಾಡು ಸಾಮಾನ್ಯವಾಗಿದ್ದು, ಅದರಿಂದ ಗ್ರಾಹಕನು ತನ್ನ ಹಣವನ್ನು ತಾನೇ ಕದಿಯದಂತೆ ರಕ್ಷಣೆ ಸಿಕ್ಕಂತಾಗಿದೆ.

ಈ ಹಂತದಲ್ಲಿ ಹರಿದ ನೋಟಿನ ವಿಷಯವನ್ನು ಪ್ರಸ್ತಾಪಿಸದೆ ವಿಧಿಯಿಲ್ಲ. ರಿಸರ್ವ್ ಬ್ಯಾಂಕಿನ ನೋಟು ಮರುಪಾವತಿ ನಿಯಮಗಳು 2009ರಲ್ಲಿ ಬಂದು 2018ರಲ್ಲಿ ತಿದ್ದುಪಡಿಯಾದವು. ಅವುಗಳ ಪ್ರಕಾರ ₹50 ಮತ್ತು ಅದಕ್ಕೆ ಮೇಲ್ಪಟ್ಟ ನೋಟಿನ ಶೇ. 80ಕ್ಕಿಂತ ಹೆಚ್ಚು ಭಾಗ ಉಳಿದಿದ್ದರೆ ಪೂರ್ತಿ ಹಣ, ಶೇ. 40ರಿಂದ 80ರವರೆಗೆ ಉಳಿದಿದ್ದರೆ ಅರ್ಧ ಹಣ, ಅದಕ್ಕಿಂತ ಕಡಿಮೆಯಾದರೆ ಏನೂ ಇಲ್ಲ. ₹20 ಮತ್ತು ಅದಕ್ಕಿಂತ ಕೆಳಗಿನ ನೋಟಿಗೆ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಸಾಕು. ಹೊಸ ನೂರರ ನೋಟಿನ ಉದ್ದ 142 ಮಿ.ಮೀ., ಅಗಲ 66 ಮಿ.ಮೀ.; ಮಗುವೊಂದು ಅದರ ಮೂಲೆಯನ್ನು ಹರಿದು ಬಾಯಿಗೆ ಹಾಕಿಕೊಂಡರೆ ಬ್ಯಾಂಕಿನ ಗುಮಾಸ್ತನು ಉಳಿದ ತುಂಡನ್ನು ಅಳೆಯುತ್ತಾನೆಯೇ ಹೊರತು ಮಗುವಿನ ಅಜಾಗರೂಕತೆಯ ಬಗ್ಗೆ ವಿಚಾರಣೆ ನಡೆಸುವುದಿಲ್ಲ. ನೋಟು ಹರಿದಾಗ ಹಣದ ಗುರುತೇ ನಾಶವಾಗಿರುತ್ತದೆ, ಆದರೂ ಅದಕ್ಕೆ ಮರುಪಾವತಿಯ ಹಕ್ಕಿದೆ. ಗಿಫ್ಟ್ ಕಾರ್ಡಿನ ಅಂಕಿ ಅಳಿಸಿದಾಗ ಹಣವೂ, ಅದರ ಲೆಕ್ಕವೂ ಇದ್ದಲ್ಲೇ ಇರುತ್ತವೆ, ಆದರೆ ಹದಿನಾರು ಅಂಕಿಯ ರಹಸ್ಯ ಸಂಖ್ಯೆಯಲ್ಲಿ ಒಂದು ಅಂಕಿ ಹೋದರೂ ಹದಿನಾರೂ ಹೋದಂತೆ. ರಾಷ್ಟ್ರದ ನಾಣ್ಯ ವ್ಯವಸ್ಥೆಯು ತೋರಲಾರದ ಈ ಕಟ್ಟುನಿಟ್ಟನ್ನು ಅಂಗಡಿಯ ಪ್ಲಾಸ್ಟಿಕ್ಕು ತೋರುತ್ತಿರುವುದು ಗಮನಾರ್ಹ.

ಪರಿಹಾರ ಕೋರಿ ಹೊರಟವನ ಪಯಣವೂ ಅಷ್ಟೇ ಶಾಸ್ತ್ರೋಕ್ತವಾಗಿದೆ. ಸಹಾಯವಾಣಿಯ ಯಂತ್ರಧ್ವನಿಯು ದೂರು ದಾಖಲಿಸುವ ಮೊದಲು ಕಾರ್ಡಿನ ಹಿಂಬದಿಯ ಸಂಖ್ಯೆಯನ್ನು ಒತ್ತಲು ಹೇಳುತ್ತದೆ. ಆ ಸಂಖ್ಯೆ ಇದ್ದಿದ್ದರೆ ದೂರು ಇರುತ್ತಿರಲಿಲ್ಲ. ಮಳಿಗೆಯವರು ಸಂಸ್ಥೆಯನ್ನು ಕೇಳಿ ಎನ್ನುತ್ತಾರೆ, ಸಂಸ್ಥೆಯವರು ಮಳಿಗೆಯ ಬಿಲ್ಲು ತನ್ನಿ ಎನ್ನುತ್ತಾರೆ. ಬಿಲ್ಲು ಇರುವುದು ಉಡುಗೊರೆ ಕೊಟ್ಟವರ ಬಳಿ. ಗೃಹಪ್ರವೇಶಕ್ಕೆ ಬಂದು ಹರಸಿ ಹೋದ ಸೋದರಮಾವನಿಗೆ ಫೋನು ಮಾಡಿ, ಮಾವ, ಆ ಕಾರ್ಡಿನ ಬಿಲ್ಲಿದ್ದರೆ ಕಳುಹಿಸಿ ಎಂದು ಕೇಳುವ ಸೊಸೆಯ ಬಗ್ಗೆ ಕುಟುಂಬದಲ್ಲಿ ಯಾವ ಅಭಿಪ್ರಾಯ ಮೂಡೀತೆಂಬುದನ್ನು ಷರತ್ತು ಬರೆದ ವಕೀಲರು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಮಾವನೂ ದೊಡ್ಡ ಮನಸ್ಸಿನಿಂದ ಹುಡುಕಿದರೆ, ಶಾಖಕ್ಕೆ ಅಕ್ಷರ ಮೂಡುವ ಕಾಗದದಲ್ಲಿ ಅಚ್ಚಾದ ಆ ಬಿಲ್ಲು ಬೀರುವಿನೊಳಗೇ ಮಾಸಿ ಬೆಳ್ಳಗಾಗಿರುತ್ತದೆ. ಬೇಸತ್ತವನು ಅಂತರ್ಜಾಲದಲ್ಲಿ ಸಹಾಯವಾಣಿಯ ಬೇರೆ ನಂಬರು ಹುಡುಕಿದರೆ ನಕಲಿ ಕಸ್ಟಮರ್ ಕೇರ್‌ನವರು ಅತ್ಯಂತ ಸೌಜನ್ಯದಿಂದ ಮಾತನಾಡಿ ಬ್ಯಾಂಕ್ ಖಾತೆಯನ್ನೂ ಖಾಲಿ ಮಾಡುತ್ತಾರೆ. ಆಗ 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡುವ ಇನ್ನೊಂದು ಅಧ್ಯಾಯ ತೆರೆಯುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಲ್ಲಿ ಪೂಜಾರಿಯನ್ನಾದರೂ ಕಣ್ಣಿಂದ ಕಾಣಬಹುದಿತ್ತು.

ಹೀಗೆ ಸಿಕ್ಕಿಬಿದ್ದ ಹಣ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಗೆ ಲೆಕ್ಕಶಾಸ್ತ್ರದಲ್ಲಿ ಉತ್ತರವಿದೆ. ಗ್ರಾಹಕರು ಬಳಸದೆ ಬಿಡುವ ಮುಂಗಡ ಹಣಕ್ಕೆ ಬ್ರೇಕೇಜ್ ಎಂದು ಹೆಸರು. ಭಾರತದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡವು, ಇಂಥ ಹಣ ಎಷ್ಟು ಉಳಿಯಬಹುದೆಂದು ನಂಬಲರ್ಹವಾಗಿ ಅಂದಾಜು ಮಾಡಲಾಗುವ ಸಂಸ್ಥೆಯು ಅದನ್ನು ಆದಾಯವಾಗಿ ತೋರಿಸಲು ದಾರಿ ಮಾಡಿಕೊಟ್ಟಿದೆ. ರಿಸರ್ವ್ ಬ್ಯಾಂಕಿನ ವ್ಯಾಪ್ತಿಗೆ ಬರುವ ಬ್ಯಾಂಕೇತರ ಸಂಸ್ಥೆಗಳು ಗ್ರಾಹಕರ ಬಾಕಿಯನ್ನು ಬ್ಯಾಂಕೊಂದರ ಎಸ್ಕ್ರೋ ಖಾತೆಯಲ್ಲಿ, ಅಂದರೆ ಬೇರೆ ಉದ್ದೇಶಕ್ಕೆ ಮುಟ್ಟಲಾಗದ ಖಾತೆಯಲ್ಲಿ ಇಡಬೇಕಾಗಿದ್ದು, ಕಾರ್ಡಿನ ಅವಧಿ ಮುಗಿದು ಮೂರು ವರ್ಷವಾಗುವವರೆಗೆ ಅದನ್ನು ಲಾಭದ ಲೆಕ್ಕಕ್ಕೆ ಸೇರಿಸುವಂತಿಲ್ಲ. ಮೂರು ವರ್ಷ ಕಾಯುವುದು ತಪಸ್ಸೇ ಸರಿ. ಆದರೆ ಕೆರೆದು ಕಳೆದುಕೊಂಡವನು ಅದಕ್ಕೂ ಮೊದಲೇ ಆಸೆ ಬಿಟ್ಟಿರುವುದರಿಂದ ಆ ತಪಸ್ಸಿಗೆ ಭಂಗ ತರುವವರು ವಿರಳ. ಇನ್ನು ವೋಚರಿನ ಸ್ವರೂಪದ ಬಗ್ಗೆ ಕರ್ನಾಟಕ ಹೈಕೋರ್ಟು 2023ರ ಜನವರಿಯಲ್ಲಿ ಜಿಎಸ್‌ಟಿ ಪ್ರಕರಣವೊಂದರಲ್ಲಿ ತೀರ್ಪು ನೀಡಿ, ಅದು ಸರಕೂ ಅಲ್ಲ, ಸೇವೆಯೂ ಅಲ್ಲ, ಅದನ್ನು ಕೊಟ್ಟು ಏನನ್ನಾದರೂ ಕೊಂಡಾಗಲೇ ತೆರಿಗೆಯ ಪ್ರಶ್ನೆ ಏಳುವುದು ಎಂದಿತು. ಸರಕೂ ಅಲ್ಲದ, ಸೇವೆಯೂ ಅಲ್ಲದ ವಸ್ತುವಿಗೆ ಅಂಕಿ ಅಳಿಸಿದ ಮೇಲೆ ವೋಚರೆಂಬ ಸ್ಥಾನವೂ ತಪ್ಪುವುದರಿಂದ, ಬಾಗಿಲ ಬೋಲ್ಟು ಸರಿಸಲು ಬಳಸುವ ಪ್ಲಾಸ್ಟಿಕ್ ಪಟ್ಟಿಯಾಗಿ ಅದು ಮನೆಯಲ್ಲಿ ಉಳಿಯುತ್ತದೆ.

ಈ ಎಲ್ಲ ಕಾರಣಗಳಿಂದ ಕೆಳಕಂಡ ಪ್ರಾರ್ಥನೆಗಳನ್ನು ಮಾನ್ಯ ಮಂಡಳಿಗಳ ಮುಂದೆ ಇಡಲಾಗಿದೆ.

ಮೊದಲನೆಯದಾಗಿ, ಕಾರ್ಡಿನ ಕ್ರಮಸಂಖ್ಯೆ, ಅದನ್ನು ಚಾಲ್ತಿಗೊಳಿಸಿದ ದಿನ ಮತ್ತು ಮಳಿಗೆ, ಕೆರೆದ ಪಟ್ಟಿಯ ಛಾಯಾಚಿತ್ರ ಇಷ್ಟನ್ನು ಪಡೆದು, ಹಣ ಬಳಕೆಯಾಗಿಲ್ಲವೆಂದು ಸರ್ವರಿನಲ್ಲಿ ನೋಡಿಕೊಂಡು, ಹಳೆಯ ಸಂಖ್ಯೆಯನ್ನು ರದ್ದುಮಾಡಿ ಹೊಸದನ್ನು ಕೊಡಬೇಕು. ಚಾಲ್ತಿಗೊಳಿಸಿದ ದಾಖಲೆ ಮಂಡಳಿಯ ಬಳಿಯೇ ಇರುವಾಗ ಬಿಲ್ಲಿಗಾಗಿ ಯಾರ ಮಾವನನ್ನೂ ಪೀಡಿಸಬಾರದು.

ಎರಡನೆಯದಾಗಿ, ಇಷ್ಟು ಉದಾರತೆಯಿಂದ ಸಂಸ್ಥೆಯ ಅಸ್ತಿಭಾರ ಅಲುಗುವುದಾದರೆ, ಹರಿದ ನೋಟಿನ ನಿಯಮವನ್ನಾದರೂ ಅನ್ವಯಿಸಿ, ಹದಿನಾರರಲ್ಲಿ ಹದಿಮೂರು ಅಥವಾ ಹೆಚ್ಚು ಅಂಕಿ ಉಳಿದವರಿಗೆ ಪೂರ್ತಿ, ಏಳರಿಂದ ಹನ್ನೆರಡು ಉಳಿದವರಿಗೆ ಅರ್ಧ ಎಂದು ಕೊಟ್ಟುಬಿಡಬೇಕು. ಆರಕ್ಕಿಂತ ಹೆಚ್ಚು ಉಳಿಸಿಕೊಳ್ಳಲಾಗದಷ್ಟು ಉತ್ಸಾಹದಿಂದ ಕೆರೆದವರ ಪರವಾಗಿ ಈ ಪತ್ರವೂ ವಾದಿಸುವುದಿಲ್ಲ.

ಮೂರನೆಯದಾಗಿ, ಷರತ್ತುಗಳ ಮುದ್ರಣಕ್ಕೆ ತಗಲುವ ಶಾಯಿಯಲ್ಲಿ ಸ್ವಲ್ಪ ಉಳಿತಾಯ ಮಾಡಿ ಆ ವೆಚ್ಚವನ್ನು ವಾರ್ನಿಷಿಗೆ ಹಾಕಬೇಕು.

ನಾಲ್ಕನೆಯದಾಗಿ, ದೂರುಗಳನ್ನು ಸಾಧ್ಯವಾದರೆ 48 ಗಂಟೆಗಳೊಳಗೆ, ಹೆಚ್ಚೆಂದರೆ 30 ದಿನಗಳೊಳಗೆ ಬಗೆಹರಿಸಬೇಕೆಂದು ರಿಸರ್ವ್ ಬ್ಯಾಂಕಿನ ಆ 2021ರ ನಿರ್ದೇಶನಗಳೇ ವಿಧಿಸಿರುವುದನ್ನು, ಷರತ್ತುಗಳನ್ನು ಗ್ರಾಹಕರು ಓದಬೇಕೆಂದು ಮಂಡಳಿಗಳು ಬಯಸುವಷ್ಟೇ ಶ್ರದ್ಧೆಯಿಂದ ಮಂಡಳಿಗಳೂ ಓದಬೇಕು.

ಮುಚ್ಚಿದ ವ್ಯವಸ್ಥೆಯ ಕಾರ್ಡುಗಳವರು ಆ ನಿರ್ದೇಶನ ತಮಗೆ ಸಲ್ಲದೆಂದು ನಿಟ್ಟುಸಿರು ಬಿಡುವ ಮೊದಲು, 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ನೆನೆಯುವುದು ಕ್ಷೇಮ. ಹಣ ಪಡೆದು ಅದಕ್ಕೆ ತಕ್ಕುದನ್ನು ಕೊಡದಿರುವುದನ್ನು ಸೇವಾ ನ್ಯೂನತೆಯೆಂದು ಜಿಲ್ಲಾ ಆಯೋಗದ ಮುಂದೆ ಒಯ್ಯಬಹುದಾಗಿದ್ದು, ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಗಳ ದೂರಿಗೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. ಐನೂರು ರೂಪಾಯಿಯ ಕಾರ್ಡಿಗಾಗಿ ಯಾರೂ ಆಯೋಗದ ಮೆಟ್ಟಿಲು ಹತ್ತುವುದಿಲ್ಲವೆಂಬ ನಂಬಿಕೆಯ ಮೇಲೆಯೇ ಬೂದು ಪಟ್ಟಿಯ ಸಾಮ್ರಾಜ್ಯ ನಿಂತಿದೆ. ಆದರೆ ಆಗಾಗ ಒಬ್ಬ ನಿವೃತ್ತ ಗಣಿತ ಮೇಷ್ಟ್ರು ಬಿಡುವಾಗಿಯೂ ಹಟಮಾರಿಯಾಗಿಯೂ ಇರುವುದುಂಟು, ಮೊಮ್ಮಗಳು ಕೊಟ್ಟ ಕಾರ್ಡು ಅವರ ಕೈಗೇ ಬರುವುದೂ ಉಂಟು ಎಂಬುದನ್ನು ಬ್ರೇಕೇಜಿನ ಅಂದಾಜಿನಲ್ಲಿ ಸೇರಿಸಿಕೊಳ್ಳಲು ಕೋರಿದೆ.

ಈ ಬಿನ್ನಹಕ್ಕೆ ಲಿಖಿತ ಉತ್ತರವನ್ನು ನಿರೀಕ್ಷಿಸಲಾಗಿದ್ದು, ಉತ್ತರದ ಮುಖ್ಯ ಭಾಗದ ಮೇಲೆ ದಯವಿಟ್ಟು ಲೇಪನ ಹಚ್ಚದೆ ಕಳುಹಿಸಬೇಕೆಂದು ವಿನಂತಿ.

ಇಂತಿ,
ಮಂಡಳಿಗಳ ಖಾತೆಯಲ್ಲಿ ಹಣವನ್ನೂ ಉಗುರಿನ ಸಂದಿಯಲ್ಲಿ ಪುಡಿಯನ್ನೂ ಇಟ್ಟುಕೊಂಡಿರುವ
ಗ್ರಾಹಕ ವರ್ಗದ ಪರವಾಗಿ.

ಲಗತ್ತು: ಕೆರೆದ ಕಾರ್ಡಿನ ಎರಡೂ ಬದಿಗಳ ನೆರಳಚ್ಚು ಪ್ರತಿ, ಅದರಲ್ಲಿ ಕಾಣದಿರುವ ಅಂಕಿಗಳನ್ನು ಮಂಡಳಿಗಳು ತಮ್ಮ ಪ್ರತಿಯೊಂದಿಗೆ ಹೋಲಿಸಿ ತುಂಬಿಕೊಳ್ಳುವುದು.